ಮೂಲಿ ಹರಿದ ಕಾರ್ಡು

ಅರಳೆಯ ಒಂದು ಎಳೆ ಹಾರಿ ಬಂದು ಸೊಸೆಯ ರೆಪ್ಪೆಯ ಮೇಲೆ ಕೂತಿತು, ರೆಹಮತ್‌ಬಿ ಅದನ್ನು ಒರೆಸಿಕೊಳ್ಳಲಿಲ್ಲ, ಮಾಶಾಬಿ ಗಾದಿಯ ಬಾಯಿಗೆ ದಬ್ಬಣ ಅರ್ಧ ಚುಚ್ಚಿ ಹಾಗೇ ಹಿಡಿದುಕೊಂಡು ನೋಡಿದಳು, ತಗೀವಾ ಅದನ್ನ, ಕಣ್ಣಾಗ ಹೊಕ್ಕೀತು, ಅನ್ನಬೇಕೆಂದು ಬಾಯಿ ತೆರೆದು ಮುಚ್ಚಿದಳು — ಒಂದು ಕೆಲಸದ ನಡುವೆ ಇನ್ನೊಂದು ಮಾತು ಒಗೆಯಬಾರದು, ಒಗೆದರೆ ಎರಡೂ ಹೋಗುತ್ತವೆ, ಈಗ ಸೊಸೆಯ ಕೈಯಲ್ಲಿರುವುದು ಹತ್ತಿಯೊಳಗಿನ ಒಡಕು ಬೀಜ ಆರಿಸುವ ಕೆಲಸ, ಬೀಜ ಈ ಬುಟ್ಟಿಗೆ, ಹತ್ತಿ ಆ ಬುಟ್ಟಿಗೆ, ನಡುವೆ ಮತ್ತೇನೂ ಇಲ್ಲ, ಮದುವೆಯಾಗಿ ಬಂದ ಹೊಸತರಲ್ಲಿ ಒಂದು ರೊಟ್ಟಿ ಬಡಿಯುತ್ತ ಇನ್ನೊಂದು ಬೇಯಿಸುತ್ತ ಮೂರನೆಯದಕ್ಕೆ ಹಿಟ್ಟು ನಾದುತ್ತ ಓಣಿಯ ಸುದ್ದಿಯನ್ನೆಲ್ಲ ಹೇಳಿ ಮುಗಿಸುತ್ತಿದ್ದ ಹುಡುಗಿ, ಈಗ ಒಂದು ಬೀಜ ಹಿಡಿದು ಅದು ಯಾವ ಬುಟ್ಟಿಯದು ಎಂದು ಯೋಚಿಸುತ್ತಾಳೆ. ಬಾಗಿಲಿಗೆ ಗೋಣಿತಟ್ಟು ಇಳಿಬಿಟ್ಟಿದೆ, ಬಿಸಿಲು ನೇರ ಬಿದ್ದರೆ ಆಕೆಗೆ ತಲೆ ಸಿಡಿಯುತ್ತದೆ, ತಟ್ಟಿನ ತೂತುಗಳಿಂದ ಬೆಳಕು ಸಾಸಿವೆ ಚೆಲ್ಲಿದ ಹಾಗೆ ನೆಲದ ಮೇಲೆ ಬಿದ್ದಿದೆ, ಹೊರಗೆ ಹಳೇ ಹುಬ್ಬಳ್ಳಿಯ ಚಕ್ಕಡಿಗಳು, ರೈಲ್ವೆ ಕಾರಖಾನೆಯ ಭೋಂಗಾ ಇನ್ನೂ ಊದಿಲ್ಲ, ಊದುವ ಮೊದಲು ಆಕೆಯ ಕಿವಿ ಮುಚ್ಚಬೇಕು, ಮುಚ್ಚದಿದ್ದರೆ ಇವತ್ತಿನ ದಿನವೆಲ್ಲ ವಾಂತಿ. ಇವತ್ತು ಮಂಗಳವಾರ. ಮಂಗಳವಾರ, ಬುಧವಾರ, ಬೇಸ್ತವಾರ — ಬೆಳಿಗ್ಗೆ ಚಕ್ಕಡಿ ಸೋಮಪ್ಪ ಬಾಗಿಲಲ್ಲಿ ನಿಂತು ಹೇಳಿಹೋದ, ನಿನ್ನ ಮಗ ಕುಂದಗೋಳದಾಗ ಸಿಕ್ಕಿದ್ದ ಬೇ, ಊರೂರು ಗಾದಿ ಕೆಲಸ ಮುಗೀತಂತ, ಶುಕ್ರವಾರ ನಮಾಜಿಗೆ ಮನಿಗೇ ಬರ್ತೇನಿ ಅಂತ ಹೇಳ್ಯಾನ, ಯಾಕಬೇ, ಮಗ ಬರ್ತಾನಂದ್ರ ಮಾರಿ ಹಂಗ್ಯಾಕ ಮಾಡ್ತಿ, ಅಂದ, ಮಾಶಾಬಿ ಹಲ್ಲು ನೋಯಾಕತ್ತೇತೋ ಅಂದಳು, ಬಾಯಲ್ಲಿ ಉಳಿದಿರುವುದೇ ನಾಲ್ಕು ಹಲ್ಲು, ಸೋಮಪ್ಪ ನಕ್ಕ, ಯಾವದು ನೋಯಾಕತ್ತೇತಿ ಅಂತ ಹುಡುಕೂದರ ಸಲೀಸು ಬಿಡು, ಎಂದು ಎತ್ತು ಹೊಡೆದುಕೊಂಡು ಹೋದ.

ಶುಕ್ರವಾರ ಮಗ ಗುಲಾಬಸಾಬ ಬರುತ್ತಾನೆ, ಹೆಗಲ ಮೇಲೆ ಹತ್ತಿ ಹಿಂಜುವ ಬಿಲ್ಲು, ಕೈಯಲ್ಲಿ ಅದರ ತಂತಿ ಬಾರಿಸುವ ಕಟ್ಟಿಗೆಯ ಗುಂಡು, ಬಂದವನೇ ಚಾ ಕೇಳುತ್ತಾನೆ, ರೆಹಮತ್ ಚಾಕ್ಕೆ ಒಲೆ ಮೇಲೆ ನೀರಿಡುತ್ತಾಳೆ, ನೀರು ಇಟ್ಟದ್ದು ಮರೆಯುತ್ತಾಳೆ, ನೀರು ಬತ್ತಿ ತಳ ಹತ್ತುತ್ತದೆ, ಆಮೇಲೆ — ಆಮೇಲಿನದನ್ನು ಮಾಶಾಬಿ ದಬ್ಬಣದಿಂದ ಗಟ್ಟಿಯಾಗಿ ಹೊಲಿದು ಎಳೆದಳು, ದಾರ ಬೆರಳು ಕೊಯ್ದಿತು. ಮೊದಲನೇ ಸಲ ಗೋಡೆಗೆ. ಸಾರಿಗೆ ಉಪ್ಪು ಜಾಸ್ತಿ ಅಂತ ಜುಟ್ಟು ಹಿಡಿದು ಗೋಡೆಗೆ, ಅಷ್ಟಕ್ಕೆ ಏನಾಯಿತು, ಎಲ್ಲಾರ ಮನಿಯಾಗ ನಡೀತಾವ, ಅಂದವಳು ಯಾರು, ಮಾಶಾಬಿಯೇ, ಅರಿಷಿಣ ಹಚ್ಚಿ ಕೂಡಿಸಿ ಗಂಡನ ಬಾಯಿಗೆ ಬೀಳಬ್ಯಾಡವಾ ಎಂದು ಬುದ್ಧಿ ಹೇಳಿದವಳೂ ಅವಳೇ. ಆಮೇಲೆ ಹುಡುಗಿ ಮರೆಯತೊಡಗಿದಳು, ಸಾರಿಗೆ ಉಪ್ಪು ಹಾಕಿ ಹಾಕಿಲ್ಲವೆಂದು ಮತ್ತೆ ಹಾಕಿದಳು, ಅದಕ್ಕೆ ಎರಡನೇ ಸಲ, ಈ ಸಲ ಕೈಯಲ್ಲಿ ಕಟ್ಟಿಗೆಯ ಗುಂಡು ಇತ್ತು, ಆಕೆ ಬಿದ್ದು ಎರಡು ರೊಟ್ಟಿ ಬೇಯುವಷ್ಟು ಹೊತ್ತು ಕಣ್ಣು ತೆರೆಯಲಿಲ್ಲ, ತೆರೆದ ಮೇಲೆ ಇನ್ನಷ್ಟು ಮರೆತಳು, ಹೆಚ್ಚು ಮರೆತದ್ದಕ್ಕೆ ಹೆಚ್ಚು ಹೊಡೆದ, ಮರೆತಳೆಂದು ಹೊಡೆದ, ಹೊಡೆದನೆಂದು ಮರೆತಳು, ಗಾಣದ ಎತ್ತು ತಿರುಗಿದ ಹಾಗೆ ಒಂದೇ ಸುತ್ತು, ಅದರೊಳಗೆ ನಿಂತು ನೋಡುವವರಿಗೆ ಸುತ್ತು ಕಾಣುವುದಿಲ್ಲ, ಆಕಿ ಬೇಕಂತನ ಮಾಡ್ತಾಳವ್ವಾ, ನನ್ನ ಹೊಟ್ಟಿ ಉರಸಾಕ ಮಾಡ್ತಾಳ, ಅನ್ನುತ್ತಿದ್ದ ಗುಲಾಬಸಾಬ, ಅಂದು ಅಂಗಳದಲ್ಲಿ ಕೂತು ಅಳುತ್ತಿದ್ದ, ಮರುದಿನ ಪೇಟೆಯಿಂದ ಜಿಲೇಬಿ ತರುತ್ತಿದ್ದ, ಯಾಕೆ ತಂದ ಎಂಬುದೂ ಆಕೆಗೆ ನೆನಪಿರುತ್ತಿರಲಿಲ್ಲ, ಹಬ್ಬ ಏನ್ರಿ ಅತ್ತಿ ಇವತ್ತ, ಎಂದು ಕೇಳುತ್ತಿದ್ದಳು. ಗಾಳಿ ಸೋಕಿದೆ ಅಂತ ಓಣಿಯೆಲ್ಲ ಹೇಳಿತು, ದರ್ಗಾಕ್ಕೆ ಕರೆದೊಯ್ದದ್ದಾಯಿತು, ಯಾರೋ ಒಣ ಮೆಣಸಿನಕಾಯಿ ಸುಟ್ಟು ಹೊಗೆ ಹಾಕಿದರು, ಮುಖ ಹಿಡಿದು ಹೊಗೆಯ ಮೇಲೆ ಬಗ್ಗಿಸಿದವಳು ಮಾಶಾಬಿ, ಆ ರಾತ್ರಿಯಿಂದ ಹುಡುಗಿಗೆ ಕೈ ನಡುಕ ಹತ್ತಿತು, ತನ್ನ ಈ ಎರಡೂ ಕೈ, ಇವೇ ಬಗ್ಗಿಸಿದ್ದು, ಇವೇ ಈಗ ಗಾದಿ ಹೊಲಿಯುತ್ತಿವೆ. ಎದುರು ಮನೆಯ ಶಿವಲಿಂಗವ್ವ ಒಬ್ಬಳೇ ಗಾಳಿಯ ಮಾತು ಒಪ್ಪಲಿಲ್ಲ, ಮಗಳ ಮದುವೆಯ ಗಾದಿ ಹೇಳಲು ಬಂದವಳು ಹೊಸ್ತಿಲಲ್ಲಿ ಕೂತು, ಗಾಳಿ ಅಲ್ಲ ಗೀಳಿ ಅಲ್ಲ ಮಾಶಾಬಿ, ನಮ್ಮ ಮನಿಯವ್ರು ಯಾವ ಪೆಟ್ಟೂ ಬೀಳದನ ಎಲ್ಲಾ ಮರೀತಾರ, ಅವರಿಗೆ ಯಾರ ಹೊಗಿ ಹಾಕ್ಯಾರ ಹೇಳು, ಇದು ಬ್ಯಾರೆ, ಇದು ಪೆಟ್ಟಿಂದ ಆದದ್ದು, ಧಾರವಾಡದಾಗ ಒಬ್ಬಾಕಿ ಡಾಕ್ಟರಬಾಯಿ ಬಂದಾಳಂತ, ಹೆಂಗಸರ ತಲಿ ನೋವು ಕೇಳ್ತಾಳಂತ, ನಿನ ಮಗ ಊರಾಗ ಇಲ್ಲದಾಗ ಹೋಗಿ ಬಾ, ಎಂದು ದನಿ ಇಳಿಸಿ ಹೇಳಿದಳು.

ಧಾರವಾಡದಲ್ಲಿ ರೈಲು ಇಳಿದು ಮಾಳಮಡ್ಡಿಯ ಓಣಿಗಳಲ್ಲಿ ಸೊಸೆಯ ತಲೆಗೆ ಸೆರಗು ಎಳೆದು ನೆರಳಿಂದ ನೆರಳಿಗೆ ನಡೆಸಿಕೊಂಡು ಹೋದದ್ದು, ಆಕೆ ಎರಡು ಕಡೆ ಕೂತು ಓಕರಿಸಿದ್ದು, ಯಾವದೋ ಮನೆಯ ಮಡಿ ಹೆಂಗಸು ಮೇಲಿಂದ ನೀರು ಹೊಯ್ದು, ಬಸಿರೇನವಾ, ಎಂದು ಕೇಳಿದ್ದು, ಆಗಲಿ ಅಂತ ಮಾಶಾಬಿ ತಲೆ ಆಡಿಸಿದ್ದು, ಅಲ್ಲವೆಂದರೆ ಮತ್ತೇನೆಂದು ಹೇಳಬೇಕಲ್ಲ — ದವಾಖಾನೆಯ ಡಾಕ್ಟರಬಾಯಿ ದೀಪ ಹಿಡಿದು ಕಣ್ಣು ನೋಡಿದಳು, ಬೆರಳು ಆಡಿಸಿದಳು, ಮೂರು ಮಾತು ಹೇಳಿ ಸ್ವಲ್ಪ ಹೊತ್ತಿನ ಮೇಲೆ ತಿರುಗಿ ಹೇಳು ಅಂದಳು, ರೆಹಮತ್ ಒಂದನ್ನೂ ಹೇಳಲಿಲ್ಲ, ನಾಚಿ ನಕ್ಕಳು. ತಲಿಗೆ ಎಷ್ಟು ಸಲ ಪೆಟ್ಟು ಬಿದ್ದದ, ಅಂತ ಡಾಕ್ಟರಬಾಯಿ. ಬಾವಿ ಮೆಟ್ಟಲದಾಗ ಜಾರಿ ಬಿದ್ದಾಳ್ರಿ, ಅಂದಳು ಮಾಶಾಬಿ, ಹೇಗೆ ಬಿದ್ದಳೆಂದು ಯಾರೂ ಕೇಳಿರಲೇ ಇಲ್ಲ, ಮಾತು ತಾನೇ ಹೊರಗೆ ಬಂತು, ನಾಲ್ವತ್ತು ವರ್ಷ ಬಾಯೊಳಗೇ ಇದ್ದ ಮಾತು, ಬಳಸಿ ಬಳಸಿ ನುಣ್ಣಗಾದ ಮಾತು. ಡಾಕ್ಟರಬಾಯಿ ದೀಪ ಆರಿಸಿದಳು, ಮಾಶಾಬಿ ಬಲಗಿವಿ ಮುಂದೆ ಮಾಡಿ ಮಾಡಿ ಕೇಳುತ್ತಿದ್ದುದನ್ನು ಗಮನಿಸಿದ್ದಳೋ ಏನೋ, ಮೆಲ್ಲಗೆ ಕೇಳಿದಳು, ನೀವು ಯಾವ ಬಾವ್ಯಾಗ ಬಿದ್ದಿದ್ರಿ ಅಮ್ಮಾ? ಯಾವ ಬಾವಿ. ಗಂಡ ಲಾಲಸಾಬನ ಕೈ ಅಷ್ಟು ದೊಡ್ಡದು, ಹತ್ತಿಯ ಧೂಳಿನಿಂದ ಬೆಳ್ಳಗೆ, ಎಡಗಡೆಯಿಂದ ಬರುತ್ತಿತ್ತು, ಆಮೇಲೆ ಕಿವಿಯೊಳಗೆ ಹಗಲೂ ರಾತ್ರಿ ಜೀರುಂಡೆ, ಗುಲಾಬ ಮೂರು ವರ್ಷದವನಿದ್ದಾಗಿನ ಒಂದು ಇಡೀ ಮಳೆಗಾಲ ನೆನಪಿನಲ್ಲೇ ಇಲ್ಲ, ಮಂದಬುದ್ಧಿ ಅಂತ ಅತ್ತೆ ಕರೆದಳು, ತಾನೂ ಹಾಗೇ ಅಂದುಕೊಂಡಳು, ಅಕ್ಷರ ಕಲಿಯಲು ಹೋದಾಗ ಉಳಿದ ಮುದುಕಿಯರಿಗೆ ಎಂಟು ದಿನದಲ್ಲಿ ಬಂದದ್ದು ತನಗೆ ಎರಡು ತಿಂಗಳು ಹಿಡಿಯಿತು, ದಡ್ಡ ತಲಿ ಅಂತ ತಾನೇ ಮೊದಲು ನಗುತ್ತಿದ್ದಳು, ಬೇರೆಯವರು ನಗುವ ಮೊದಲು — ಬಾವಿ ಇರಲೇ ಇಲ್ಲ, ಆಗ ಇದ್ದ ಓಣಿಯಲ್ಲಿ ಬಾವಿಯೇ ಇರಲಿಲ್ಲ, ಕೆರೆಯ ನೀರು ಹೊರುತ್ತಿದ್ದರು. ಡಾಕ್ಟರಬಾಯಿ ಹೇಳಿದ್ದು ಮೊಸರಿನ ಲೆಕ್ಕ, ಮೊಸರಿನ ಗಡಿಗಿ ಜೋರಲೆ ಅಲ್ಲಾಡಿಸಿದ್ರ ಗಡಿಗಿ ಏನೂ ಆಗೂದಿಲ್ಲ, ಒಳಗಿನ ಮೊಸರು ಒಡೀತದ, ಈಕಿ ಬುರುಡಿ ಗಟ್ಟಿ ಅದ, ಪೆಟ್ಟು ಒಳಗ ಆಗೇದ, ಅದಕ್ಕ ನಿಮಗ ಗಾಯ ಕಾಣೂದಿಲ್ಲ, ಹುಚ್ಚಲ್ಲ, ಗಾಳಿ ಅಲ್ಲ, ಸೋಗೂ ಅಲ್ಲ. ಒಡೆದದ್ದು ಕೂಡೂದಿಲ್ಲೇನ್ರಿ ಬಾಯಿ? ಮೊಸರಾಗಿದ್ರ ಕೂಡ್ತಿದ್ದಿಲ್ಲ, ಇದು ಮನಷ್ಯಾಳ ತಲಿ, ಹೊತ್ತು ಕೊಟ್ರ ಕೂಡಬಹುದು, ನಿದ್ದಿ ಮಾಡಲಿ, ನೆರಳಾಗ ಇರಲಿ, ಸಲಕ್ಕೊಂದು ಕೆಲಸ ಹೇಳ್ರಿ, ಆದ್ರ ಇನ್ನೊಂದು ಪೆಟ್ಟು ಬಿತ್ತಂದ್ರ ಈಕಿ ಏಳೂದಿಲ್ಲ, ತಿಳೀತಽ? ತಿಳಿಯಿತು. ಒಂದು ತಿಂಗಳ ಮೇಲೆ ಹತ್ತು ದಿನವಾಯಿತು ತಿಳಿದು. ಅಂದಿನಿಂದ ಮಗ ಊರೂರು ಕೆಲಸದ ಮೇಲೆ, ಮನೆಯಲ್ಲಿ ಬಿಲ್ಲಿನ ಸಪ್ಪಳವಿಲ್ಲ, ಉಪ್ಪಿನ ಗಡಿಗೆ ಒಲೆಯ ಎಡಕ್ಕಿದ್ದರೆ ಉಪ್ಪು ಇನ್ನೂ ಹಾಕಿಲ್ಲ, ಹಾಕಿದ ಕೂಡಲೇ ಬಲಕ್ಕೆ ಸರಿಸಬೇಕು, ಈ ಉಪಾಯ ಕಲಿಸಲು ಹದಿಮೂರು ದಿನ, ಹದಿನಾಲ್ಕನೇ ದಿನ ಹುಡುಗಿ ತಾನೇ ಸರಿಸಿ, ಅತ್ತಿ, ನೋಡ್ರಿ, ಅಂದಳು.

ಭೋಂಗಾ ಊದಿತು, ಕೈ ತಾನೇ ಚಾಚಿತು, ಎರಡೂ ಅಂಗೈ ಸೊಸೆಯ ಕಿವಿಗೆ, ಹುಡುಗಿಯ ಕಣ್ಣು ಮುಚ್ಚಿ ತೆರೆಯಿತು, ಮುಗಿತ್ವಾ, ಮುಗೀತು, ಕೈಯ ಕೆಳಗೆ ತಲೆ ಎಷ್ಟು ಸಣ್ಣದು, ಕೆಮ್ಮಣ್ಣಿನ ಮಗಿಯಷ್ಟು. ಕಾರ್ಡು ಅಲ್ಲೇ ಇದೆ, ಹತ್ತಿಯ ಗಂಟಿನ ಅಡಿಯಲ್ಲಿ, ಧಾರವಾಡದಿಂದ ಬಂದ ದಿನವೇ ಟಪಾಲು ಕಚೇರಿಯಿಂದ ತಂದದ್ದು, ಒಂದು ಬದಿಗೆ ಅಣ್ಣಿಗೇರಿಯ ಗೌಸಸಾಬನ ವಿಳಾಸ, ರೆಹಮತಳ ಅಣ್ಣ, ಇನ್ನೊಂದು ಬದಿಗೆ ತಲೆಯಲ್ಲಿ ೭೮೬, ಕೆಳಗೆ ಖಾಲಿ, ತಂದ ದಿನ ಹೇಗಿತ್ತೋ ಹಾಗೇ ಖಾಲಿ. ಮೊದಲ ಸಾಲಿಗೇ ಸಿಕ್ಕಿಬಿದ್ದದ್ದು, ಅಕ್ಷರ ಕಲಿಸುವ ಶಾಲೆಯಲ್ಲಿ ಶಾಂತಯ್ಯ ಮಾಸ್ತರರು ಕಲಿಸಿದ್ದು ಹಾಗೇ, ಪತ್ರ ಅಂದ್ರ ಮೊದಲು ಕ್ಷೇಮ, ಇತ್ತ ನಾವೆಲ್ಲರೂ ಕ್ಷೇಮ, ಅತ್ತ ನಿಮ್ಮ ಕ್ಷೇಮ ತಿಳಿಸಬೇಕು, ಆಮ್ಯಾಲ ವಿಷಯ, ಕ್ಷೇಮ ಬರೀದ ಪತ್ರ ಅಂದ್ರ ಸಲಾಂ ಹೇಳದ ಒಳಗ ಬಂದಂಗ ಮಾಶಾಬಮ್ಮಾ, ಅನ್ನುತ್ತಿದ್ದರು, ಬಳಪ ಹಿಡಿದ ಬೆರಳ ಮೇಲೆ ಬೆರಳಿಟ್ಟು ತಿದ್ದಿಸದೆ ದೂರದಿಂದಲೇ ಗಾಳಿಯಲ್ಲಿ ಬರೆದು ತೋರಿಸುತ್ತಿದ್ದರು, ಒಳ್ಳೆಯ ಮನುಷ್ಯ, ಕ್ಷ ಅಕ್ಷರವೇ ಅಷ್ಟು ತ್ರಾಸಿನದು, ಅದು ಬಂದ ದಿನ ಎಷ್ಟು ಹೆಮ್ಮೆ, ಆ ಹೆಮ್ಮೆಯಲ್ಲೇ ಅಣ್ಣಿಗೇರಿಗೆ ನಾಲ್ಕು ಪತ್ರ ಬರೆದಳು, ತನ್ನ ಕೈಯಾರೆ, ಅರವತ್ತರ ಮುದುಕಿಯ ಕೈಯಾರೆ, ನಾಲ್ಕರಲ್ಲೂ ಮೊದಲ ಸಾಲು ಕ್ಷೇಮ, ಎರಡನೇ ಪತ್ರ ಬರೆಯುವಾಗ ಹುಡುಗಿಯ ಹಣೆಗೆ ಅರಿಷಿಣದ ಪಟ್ಟಿ ಇತ್ತು, ಗುಲಾಬ ಪಕ್ಕದಲ್ಲೇ ನಿಂತಿದ್ದ, ಕ್ಷ ಸರಿಯಾಗಿ ಬಂತೋ ಇಲ್ಲವೋ ಎಂಬುದಷ್ಟೇ ಚಿಂತೆಯಾಗಿತ್ತು ಆಗ. ಅಲ್ಲಿಂದ ಉತ್ತರ ಬಂತು, ನಿಮ್ಮ ಕ್ಷೇಮ ಕೇಳಿ ಸಂತೋಷವಾಯಿತು, ತಾಯಿಯ ಕಣ್ಣು ತಣ್ಣಗಾಯಿತು, ಬೆಳೆ ಬಿಡಿಸುವ ಕಾಲ, ಬರಲು ಆಗದು. ಬರಲಿಲ್ಲ. ಕ್ಷೇಮ ಅಂದವರ ಮನೆಗೆ ಯಾರು ಯಾಕೆ ಓಡಿ ಬರುತ್ತಾರೆ. ಈಗ ಬರೆದರೂ, ಗೌಸಸಾಬನಿಗೆ ಓದಲು ಬಾರದು, ಕಾರ್ಡು ಮನೆಗೆ ಬಂದರೆ ಗೂಡಿನಲ್ಲಿಟ್ಟು ಸಂತೆಯ ದಿನ ಅಡತಿ ಅಂಗಡಿಯ ಗುಮಾಸ್ತನ ಹತ್ತಿರ ಓದಿಸುತ್ತಾನೆ, ಹಿಂದಿನವೂ ಹಾಗೇ ಓದಿಸಿದ್ದು, ಸಂತೆ ಬರುವುದು ಶನಿವಾರ. ಶನಿವಾರ. ಅದರ ಹಿಂದಿನ ದಿನ ಬಿಲ್ಲು ಹೊತ್ತುಕೊಂಡು ಅವನು.

ಮೂಲಿ ಹರಿ. ಯಾರು ಹೇಳಿದರು, ಯಾರೂ ಹೇಳಲಿಲ್ಲ, ತನ್ನ ತಲೆಯೇ ಹೇಳಿತು, ಒಡೆದ ಮೊಸರಿನ ತಲೆ — ಮದುವೆ ಪತ್ರಕ್ಕೆ ಮೂಲೆಗೆ ಅರಿಷಿಣ, ಸಾವಿನ ಪತ್ರಕ್ಕೆ ಮೂಲೆ ಹರಿಯುವುದು, ಎಲ್ಲ ಜಾತಿಯವರೂ ಹಾಗೇ ಮಾಡುವುದು, ಮೂಲೆ ಹರಿದ ಕಾರ್ಡನ್ನು ಯಾರೂ ಗೂಡಿನಲ್ಲಿಡುವುದಿಲ್ಲ, ಅಕ್ಷರ ಬಾರದವನೂ ನೋಡಿದ ಕೂಡಲೇ ಎದ್ದು ಓಡುತ್ತಾನೆ, ಹೊಲದಿಂದ, ಊಟದ ಎಲೆಯಿಂದ, ಮಸೀದಿಯಿಂದ, ಟಪಾಲಿನವನೂ ಅದನ್ನು ಮೊದಲು ಮುಟ್ಟಿಸಿ ಉಳಿದದ್ದನ್ನು ಆಮೇಲೆ ಹಂಚುತ್ತಾನೆ. ನಾಳೆ ಮುಟ್ಟುತ್ತದೆ, ನಾಡಿದ್ದು ಬೆಳಗಿನ ರೈಲಿಗೆ ಗೌಸಸಾಬ ಬರುತ್ತಾನೆ. ಆದರೆ ಅಲ್ಲಿ ಆ ತಾಯಿ, ಬಿಬಿಜಾನ, ಎದೆ ಬಡಿದುಕೊಳ್ಳುತ್ತಾಳೆ, ಓದಿ ಹೇಳುವತನಕ ಮಗಳು ಸತ್ತಳೆಂದೇ ಅಳುತ್ತಾಳೆ, ಅರ್ಧ ತಾಸು, ಒಂದು ತಾಸು, ಬದುಕಿದವಳಿಗಾಗಿ ಸತ್ತವಳ ಅಳು ಅಳಿಸುವುದು ಪಾಪವೋ ಅಲ್ಲವೋ, ಸತ್ತ ಮೇಲೆ ಅಳುವುದಕ್ಕಿಂತ — ಮತ್ತು ಮಗ, ಇವನಿಗೆ ಏನು ಹೇಳುವುದು, ಅವ್ವಾ ನೀನಽ ಬರದ್ಯಾ, ಅಂತಾನೆ, ಅಕ್ಷರ ನನ್ನ ಕುತ್ತಿಗಿ ಕೊಯ್ಯಾಕ ಕಲತ್ಯಾ, ಅಂತಾನೆ, ಗುಲಾಬ, ಐದು ವರ್ಷದವನಿದ್ದಾಗ ಅಪ್ಪ ಹೊಡೆದು ಹೊರಗೆ ಹೋದ ಮೇಲೆ ಮೂಲೆಯಿಂದ ಎದ್ದು ಬಂದು, ಹಿಂಜಿದ ಹತ್ತಿಯಲ್ಲಿ ಎಲ್ಲಕ್ಕಿಂತ ಮೆತ್ತನೆಯದನ್ನು ಆರಿಸಿ, ಉಂಡೆ ಮಾಡಿ, ರಕ್ತ ಸೋರುವ ಕಿವಿಗೆ ಇಟ್ಟಿದ್ದ, ನೂವು ಹೋತೇನವ್ವಾ, ಹೋತೇನವ್ವಾ, ಎಂದು ಊದುತ್ತಿದ್ದ, ಆ ಕೈಯೇ ಇದು, ಅದೇ ಬೆರಳು, ಅದು ಯಾವಾಗ ಇದಾಯಿತು, ಯಾವ ದಿನ, ಯಾವ ಹೊತ್ತು, ತಾನು ಬಾವಿಯಲ್ಲಿ ಬಿದ್ದೆನೆಂದು ನೆರೆಯವರಿಗೆ ಹೇಳುವಾಗ ಸೆರಗು ಹಿಡಿದು ನಿಂತು ಕೇಳಿಸಿಕೊಂಡನಲ್ಲ, ಆಗಲೋ. ಮಾಶಾಬಿ ದಬ್ಬಣ ಕೆಳಗಿಟ್ಟಳು. ಗಾದಿಯ ಬಾಯಿ ಅರ್ಧ ಹೊಲಿದದ್ದು ಅರ್ಧಕ್ಕೇ. ಗಂಟಿನ ಅಡಿಯಿಂದ ಕಾರ್ಡು ಎಳೆದು, ಸೀಸಕಡ್ಡಿ ನಾಲಿಗೆಗೆ ಮುಟ್ಟಿಸಿ, ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು, ಕ್ಷೇಮ ಬರಬೇಕಾದ ಜಾಗದಲ್ಲಿ, ಮಾಸ್ತರರೇ ತಪ್ಪು ತಿಳಕೋಬ್ಯಾಡ್ರಿ, ಬರೆದಳು: ನಿನ್ನ ತಂಗಿ ಜೀವಂತ ಅದಾಳ. ಮೂಲಿ ಹರದಾಕಿ ನಾನು, ನೀ ಲಗೂ ಬರಲಿ ಅಂತ. ನನ್ನ ಮಗ ಆಕಿ ತಲಿಗೆ ಹೊಡದಾನ. ಒಮ್ಮೆ ಅಲ್ಲ. ಹಿಂದಿನ ನಾಕೂ ಪತ್ರ ಸುಳ್ಳು. ಶುಕ್ರವಾರದೊಳಗ ಬಂದು ಕರಕೊಂಡು ಹೋಗು. ಜಾಗ ಇನ್ನೂ ಇತ್ತು, ಕೈ ನಿಲ್ಲಲಿಲ್ಲ, ಆಕಿ ಮರೀತಾಳ, ಬೈಬ್ಯಾಡ್ರಿ, ಸಲಕ್ಕೊಂದು ಮಾತು ಹೇಳ್ರಿ, ಬಿಸಲಾಗ ಕೂಡಸಬ್ಯಾಡ್ರಿ, ಗಾಳಿ ಅಂತ ಹೊಗಿ ಹಾಕಬ್ಯಾಡ್ರಿ, ನಾ ಹಾಕಿ ತಪ್ಪು ಮಾಡೇನಿ, ಉಪ್ಪಿನ ಗಡಿಗಿ — ಅಂಚಿಗೆ ಬಂತು, ಕಾರ್ಡು ತಿರುಗಿಸಿ ಬದಿಗೆ ಸಣ್ಣಗೆ, ಎಡಕ್ಕಿದ್ರ ಹಾಕಿಲ್ಲ, ಬಲಕ್ಕಿದ್ರ ಹಾಕ್ಯಾಳ, ಆಕೀನ ಕಲ್ತಾಳ. ಆಮೇಲೆ ಬಲಗಡೆಯ ಮೂಲೆಯನ್ನು ಹಿಡಿದು ಹರಿದಳು, ಕಾಗದ ದಪ್ಪ, ಸೊಟ್ಟ ಹರಿಯಿತು.

ರೆಹಮತಳನ್ನು ಒಬ್ಬಳೇ ಬಿಟ್ಟು ಹೋಗುವಂತಿಲ್ಲ, ಒಲೆ ಉರಿಯುತ್ತಿದೆ, ತಲೆಗೆ ಎರಡು ಪದರು ಸೆರಗು ಹೊದಿಸಿ ಕೈ ಹಿಡಿದು ಹೊರಟಳು, ಚಕ್ಕಡಿಗಳ ಸಂದಿಯಲ್ಲಿ, ಹತ್ತಿ ತುಂಬಿದ ಅಂಡಿಗೆಗಳ ನೆರಳಲ್ಲಿ, ಸಾವಕಾಶ, ಕಾಲು ಎತ್ತಿಡವಾ, ಇಲ್ಲಿ ಗಟಾರ, ಓಣಿ ತಿರುಗುವಲ್ಲಿ ಹುಡುಗಿ ನಿಂತಳು, ಮಾಶಾಬಿಯ ಕೈಯಲ್ಲಿದ್ದ ಕಾರ್ಡು ನೋಡಿದಳು, ಯಾರಿಗ್ರಿ ಅತ್ತಿ ಅದು, ಎಂದು ಕೇಳಿದಳು, ನಿಮ್ಮಣ್ಣಗ, ನಿನ್ನ ಕರಕೊಂಡು ಹೋಗು ಅಂತ ಬರದೇನಿ, ಅಂದಳು ಮಾಶಾಬಿ, ಆಗ ಆ ಮುಖ — ಹೆರಿಗೆಯ ಮನೆಯಲ್ಲಿ ಬಾಗಿಲು ತೆರೆದಾಗ ಒಳಗೆ ಬೆಳಕು ಹೋಗುತ್ತದಲ್ಲ, ಹಾಗೆ, ಕಣ್ಣು ಮೊದಲು, ಆಮೇಲೆ ಕೆನ್ನೆ, ಆಮೇಲೆ ತುಟಿ, ಎರಡು ವರ್ಷದಿಂದ ನೋಡಿರದ ಮುಖ, ನಮ್ಮಣ್ಣ ಬರ್ತಾನಾ? ಬರ್ತಾನವಾ. ನಡೆದರು. ಎದುರಿನಿಂದ ಬಂದ ಅರಿವೆ ವ್ಯಾಪಾರಿಯೊಬ್ಬ ಹರಿದ ಮೂಲೆ ನೋಡಿ ಕಾಲಿನ ಜೋಡು ಬಿಟ್ಟು ಬದಿಗೆ ಸರಿದು ದಾರಿ ಕೊಟ್ಟ, ತಲೆಯ ರುಮಾಲು ಮುಟ್ಟಿಕೊಂಡು, ಯಾರು ತೀರಕೊಂಡ್ರವ್ವಾ, ಎಂದು ಕೇಳಿದ, ಯಾರೂ ಇಲ್ಲಪಾ, ಅಂದಳು, ಎರಡು ಹೆಜ್ಜೆ ಹೋಗಿ ಅವನಿಗಲ್ಲ, ಯಾರಿಗೋ, ಇನ್ನೂ ಯಾರೂ ಇಲ್ಲ, ಅಂದಳು. ಟಪಾಲು ಕಚೇರಿಯ ಬೇವಿನ ಗಿಡದ ಕೆಳಗೆ ಕೆಂಪು ಡಬ್ಬಿ, ರೆಹಮತ್ ಕಾರ್ಡಿನ ಕಡೆ ಬೆರಳು ತೋರಿಸಿದಳು, ಯಾರಿಗ್ರಿ ಅತ್ತಿ ಅದು, ಮೊದಲ ಸಲ ಕೇಳುವವಳ ಹಾಗೆ, ನಿಮ್ಮಣ್ಣಗ, ಅಂದಳು ಮಾಶಾಬಿ, ಕರಕೊಂಡು ಹೋಗು ಅಂತ, ಮತ್ತೆ ಆ ಮುಖ, ಕಣ್ಣು ಮೊದಲು, ಆಮೇಲೆ ಕೆನ್ನೆ, ಒಂದಿಷ್ಟೂ ಕಡಿಮೆಯಿಲ್ಲದೆ, ಒಂದಿಷ್ಟೂ ಹಳೆಯದಾಗದೆ, ಮಾಶಾಬಿ ಡಬ್ಬಿಯ ಬಾಯಲ್ಲಿ ಕಾರ್ಡನ್ನು ಅರ್ಧ ತೂರಿಸಿ ಹಿಡಿದಳು, ಬೆರಳು ಬಿಡಲಿಲ್ಲ, ಗುಲಾಬ, ಮಗನೇ, ಶುಕ್ರವಾರ ನೀ ಬಂದಾಗ ಚಾ ನಾನ ಮಾಡಿ ಕೊಡ್ತೇನಿ, ನಿನ್ನ ಎದುರಿಗೇ ಕೂಡ್ತೇನಿ, ಬಾವಿ ಇರಲಿಲ್ಲೋ ಅಂತ ಹೇಳ್ತೇನಿ, ನಿನಗ ಗೊತ್ತಿತ್ತಲ್ಲ, ನೀ ನೋಡಿದ್ಯಲ್ಲ, ಬೆರಳು ಬಿಟ್ಟಿತು, ಕಾರ್ಡು ಹೋಯಿತು, ಕೈ ಮಾತ್ರ ಡಬ್ಬಿಯ ಬಾಯಲ್ಲೇ, ಪಕ್ಕದಲ್ಲಿ ಹುಡುಗಿ ಸೆರಗಿನೊಳಗಿಂದ ಕತ್ತು ಎತ್ತಿ ಆ ಖಾಲಿ ಕೈಯನ್ನು ನೋಡುತ್ತಿದ್ದಾಳೆ, ಏನ ಹಾಕಿದ್ರಿ ಅತ್ತಿ, ಯಾರಿಗೆ, ಹೇಳಬೇಕು, ಮತ್ತೆ ಹೇಳಬೇಕು, ನಿಮ್ಮಣ್ಣಗವಾ, ಆ ಮುಖ, ಕಣ್ಣು ಮೊದಲು, ಆಮೇಲೆ ಕೆನ್ನೆ, ಆ ಮುಖ